ಬಕ್ಲಿ ಪಾರಿತೋಷಿಕವೂ ‘ಘನ’ ಶಬ್ದದ ವಿಚಾರವೂ

ಅಮೆರಿಕಾ ದೇಶದ ಭೌತವಿಜ್ಞಾನ ಸಂಘದವರು ಕೊಡುವ ಪಾರಿತೋಷಿಕಗಳಲ್ಲಿ ಆಲಿವರ್ ಬಕ್ಲಿಯವರ ಹೆಸರಿನದು ಒಂದು. ಬಕ್ಲಿಯವರು 1940 ರಿಂದ 1951 ರವರೆಗೆ ಬೆಲ್ ಟೆಲಿಫೋನ್ ಪ್ರಯೋಗಶಾಲೆಗಳ ಅಧ್ಯಕ್ಷರಾಗಿದ್ದವರು. ಟ್ರಾನ್ಸಿಸ್ಟರ್ ಎಂಬ ಉಪಕರಣವು 1947 ರಲ್ಲಿ ಹುಟ್ಟಿದುದು ಅಲ್ಲಿಯೇ. 1952 ರಲ್ಲಿ ಆ ಪ್ರಯೋಗಶಾಲೆಯವರು ಈ ಪಾರಿತೋಷಿಕವನ್ನು ಸ್ಥಾಪಿಸಿದರು. ಮರುವರ್ಷ ಅದು ಷಾಕ್ಲಿಯವರಿಗೂ, 1954 ರಲ್ಲಿ ಬಾರ್ಡೀನರಿಗೂ ಸಂದಿತು. ಈ ಇಬ್ಬರೂ ಬ್ರಾಟನ್ನರೊಡನೆ 1956 ರಲ್ಲಿ ನೊಬೆಲ್ ಪಾರಿತೋಷಿಕವನ್ನು ಪಡೆದರು. ಎಲ್ಲರಿಗೂ ಇಷ್ಟು ಬೇಗ ಆ ಯೋಗ ಒದಗಲಿಲ್ಲ. ನ್ಯೂಟ್ರಾನ್ ಕಣಗಳಿಂದ ವಸ್ತುಗಳೊಳಗಿನ ಪರಮಾಣುಗಳ ನೆಲೆಯನ್ನು ಅರಿಯುವ ಮಾರ್ಗವನ್ನು ತೋರಿದ ಷಲ್ಲರನ್ನು ಬಕ್ಲಿ ಪಾರಿತೋಷಿಕವು 1956 ರಲ್ಲಿಯೇ ಗುರುತಿಸಿತು. ನೊಬೆಲ್ ಬಂದುದು 1994 ರಲ್ಲಿ, ಅವರ ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ.

ಇಲ್ಲಿ ವಿಚಾರಣೀಯವಾದುದು ಪಾರಿತೋಷಿಕದ ಹೆಸರು. ಮೊದಲು ಅದನ್ನು ಘನಸ್ಥಿತಿ ಭೌತವಿಜ್ಞಾನದ ಪಾರಿತೋಷಿಕವೆಂದು ಕರೆಯುತ್ತಿದ್ದರು. ಈಗಿನ ಹೆಸರು ‘ಕಂಡೆನ್ಸ್ಡ್ ಮ್ಯಾಟರ್ ಪ್ರೈಜ್’ ಎಂದು. ಸಂಘದ ಘನಸ್ಥಿತಿ ವಿಭಾಗವೂ 1978 ರಲ್ಲಿ ಇದೇ ಹೆಸರನ್ನು ತಳೆಯಿತು. ಇದನ್ನು ಕನ್ನಡಿಸುವಾಗ ‘ಘನದ್ರವ್ಯ’ವೆಂದರೆ ಸಾಕೆಂದು ತೋರಬಹುದು. ಆದರೆ 1981 ರ ಪಾರಿತೋಷಿಕವನ್ನು ನೋಡಬೇಕು. ಕಾರ್ನೆಲ್ ವಿಶ್ವವಿದ್ಯಾನಿಲಯದ ಲೀ, ಆಷರಾಫ್, ರಿಚರ್ಡ್‌ಸನ್ ಎಂಬ ಮೂವರಿಗೆ ಅದು ಸಂದಿತು. ಅವರು ಕಂಡುಹಿಡಿದುದು ಹೀಲಿಯಂ-3 ಎಂಬ ದ್ರವದ ಒಂದು ವಿಚಿತ್ರ ಸ್ಥಿತಿಯನ್ನು. ನಿರಪೇಕ್ಷ ಶೂನ್ಯದಿಂದ ಒಂದು ಡಿಗ್ರಿಯ ಸಾವಿರದ ಮೂರು ಪಾಲಿನೊಳಗಣ ಶೈತ್ಯದಲ್ಲಿ ಅದರ ಪರಮಾಣುಗಳು ಎರಡೆರಡಾಗಿ ಜೊತೆಗೂಡುವುವು. ಆಗ ಆ ದ್ರವವು ಸ್ನಿಗ್ಧತೆಯ ತಡೆಯಿಲ್ಲದೆ ಹರಿಯುವುದು. ಬಿಡಿ ಪರಮಾಣುವಿನಲ್ಲಿ ಕಾಣದ ಗುಣವು ಅಸಂಖ್ಯ ಪರಮಾಣುಗಳು ಒತ್ತಾಗಿ ನೆರೆದಾಗ ತಲೆದೋರುವುದೇ ಈ ಶಾಸ್ತ್ರದ ವಿಷಯ. ನೆರೆದುದು ಘನವೋ ದ್ರವವೋ ಎಂಬುದು ಎರಡನೆಯ ಮಾತು. ‘ಘನದ್ರವ್ಯ’ವೆಂದು ಓದಿದ ವಿದ್ಯಾರ್ಥಿಗೆ ದ್ರವಕ್ಕೆ ಈ ಮನ್ನಣೆ ಹೇಗೆ ಸಂದಿತೆಂಬುದು ಬಗೆಹರಿಯದು.

ದೋಷವು ಮೂಲಶಬ್ದದ್ದಲ್ಲ. ಅಮರಸಿಂಹನು ಘನ, ನಿರಂತರ, ಸಾಂದ್ರ ಎಂಬ ಮೂರನ್ನೂ ಪರ್ಯಾಯಗಳಾಗಿ ಒಂದೆಡೆ ಹೇಳಿರುವನು. ನಿರಂತರವೆಂದರೆ ನಡುವೆ ಎಡೆಯಿಲ್ಲದುದು. ಆ ಅರ್ಥದಲ್ಲಿ ಹೀಲಿಯಂ ದ್ರವವೂ ಘನವೇ. ಆದರೆ ಕನ್ನಡ ಪಠ್ಯಪುಸ್ತಕಗಳು ಘನ, ದ್ರವ, ಅನಿಲಗಳೆಂದು ವಿಭಾಗಿಸಿದ ಮೇಲೆ ಆ ಶಬ್ದವು ಹಳೆಯ ವ್ಯಾಪ್ತಿಯನ್ನು ಕಳೆದುಕೊಂಡಿದೆ. (ತಾರ್ಕಿಕರಾದರೋ ದ್ರವತ್ವವನ್ನು ಒಂದು ಗುಣವೆಂದೆಣಿಸಿ, ತುಪ್ಪದಲ್ಲಿ ಅದು ಅಗ್ನಿಸಂಯೋಗದಿಂದ ಬರುವುದೆಂದರು. ಹೆಪ್ಪುಗಟ್ಟಿದ ತುಪ್ಪವೂ ಕರಗಿದ ತುಪ್ಪವೂ ಅವರಿಗೆ ಬೇರೆ ಬೇರೆ ಜಾತಿಗಳಲ್ಲ.)

ಆದುದರಿಂದ ‘ಸಾಂದ್ರ’ ಶಬ್ದವೇ ಗ್ರಾಹ್ಯ. ಸಾಂದ್ರವಾದ ಪಾಯಸ, ಸಾಂದ್ರವಾದ ಕತ್ತಲೆ ಎನ್ನುವಲ್ಲಿ ಗಟ್ಟಿಯಾದ ಪದಾರ್ಥವೇ ಆಗಬೇಕೆಂಬ ನಿರ್ಬಂಧವಿಲ್ಲ. ‘ಸಾಂದ್ರತೆ’ಯೆಂಬುದು ಬೇರೊಂದು ಪರಿಮಾಣಕ್ಕೆ ಪಾರಿಭಾಷಿಕವಾಗಿರುವುದು ನಿಜ, ‘ಸಾಂದ್ರೀಕೃತ’ ಎಂದರೆ ಆ ತೊಡಕೂ ತಪ್ಪುವುದು. ಮೊದಲು ಹಾಗಿರದೆ ಆಮೇಲೆ ಹಾಗಾದುದನ್ನು ಹೇಳುವುದಕ್ಕೆ ವೈಯಾಕರಣರು ವಿಧಿಸಿದ ಚ್ವಿ ಪ್ರತ್ಯಯವು ಇದರಲ್ಲಿದೆ. ವಿರಳವಾದ ಅನಿಲವು ಒತ್ತಾಗಿ ದ್ರವವೋ ಘನವೋ ಆದುದೆಂಬ ಇಂಗ್ಲಿಷ್ ಹೆಸರಿನ ಭಾವವೂ ಅದೇ. ಉದ್ದವಾಯಿತೆನ್ನುವವರು ‘ಸಾಂದ್ರದ್ರವ್ಯ’ವೆಂದು ಕಿರಿದುಮಾಡಿಕೊಳ್ಳಬಹುದು, ‘ಘನದ್ರವ್ಯ’ವೆಂದು ಮಾತ್ರ ಬರೆಯಲಾಗದು.