ಮಣ್ಣಿನ ಹುಳಿ ಅಳೆಯುವ ಪೆನ್ನು

ತಾರಸಿಯಲ್ಲಿ ಗ್ರೋ ಬ್ಯಾಗ್ ಇಟ್ಟು ಬೆಂಡೆ, ಬದನೆ, ಬಸಳೆ ಬೆಳೆಯುವ ಮನೆಗಳು ನಮ್ಮ ಕರಾವಳಿಯಲ್ಲಿ ಈಗ ಕಡಿಮೆಯೇನಿಲ್ಲ. ಹೆಚ್ಚಿನ ಕಡೆ ಅದರ ಉಸ್ತುವಾರಿ ಮನೆಯ ಹೆಂಗಸರದ್ದೇ. ಗಿಡ ಸೊರಗಿದರೆ ನೆರೆಹೊರೆಯವರು ಕೊಡುವ ಮೊದಲ ಸಲಹೆ, "ಒಂದು ಹಿಡಿ ಸುಣ್ಣ ಹಾಕಿ ನೋಡಿ." ಹಾಕಿದ ಮೇಲೆ ಕೆಲವು ಗಿಡಗಳು ಚೇತರಿಸಿಕೊಳ್ಳುತ್ತವೆ, ಕೆಲವು ಇನ್ನಷ್ಟು ಹಳದಿಯಾಗುತ್ತವೆ. ಆ ಮಣ್ಣಿಗೆ ಸುಣ್ಣ ಬೇಕಿತ್ತೇ ಎಂದು ಅಳೆದು ನೋಡಿದವರು ಮಾತ್ರ ಅಪರೂಪ.

ಸಲಹೆ ಪೂರ್ತಿ ತಪ್ಪೇನಲ್ಲ. ಕರಾವಳಿಯ ಮುರಕಲ್ಲಿನ ಮಣ್ಣು ಸ್ವಭಾವತಃ ಹುಳಿ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುವ ಮಳೆ ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಷಿಯಂಗಳನ್ನು ತೊಳೆದುಕೊಂಡು ಹೋಗುತ್ತದೆ. ರಾಯಚೂರು, ಬಳ್ಳಾರಿ ಕಡೆಯ ಕಪ್ಪು ಮಣ್ಣು ಇದಕ್ಕೆ ವಿರುದ್ಧ, ಕ್ಷಾರದ ಕಡೆಗೆ ವಾಲಿದ್ದು. ಆದರೆ ಗ್ರೋ ಬ್ಯಾಗಿನೊಳಗಿರುವುದು ಊರಿನ ಮಣ್ಣು ಮಾತ್ರವಲ್ಲ. ತೆಂಗಿನ ನಾರಿನ ಪುಡಿ, ಸೆಗಣಿ ಗೊಬ್ಬರ, ಒಲೆಯ ಬೂದಿ ಎಲ್ಲ ಬೆರೆತ ಅದರ ಹುಳಿ ಎಷ್ಟೆಂದು ಊಹಿಸಿ ಹೇಳಲಾಗದು.

ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಇದಕ್ಕೆ 'ರಸಸಾರ' ಎನ್ನುತ್ತಾರೆ, ಅಂಗಡಿಯಲ್ಲಿ ಪಿಎಚ್. 1909ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಸೋರೆನ್ಸನ್ ರೂಪಿಸಿದ ಅಳತೆ ಇದು. 7 ಎಂದರೆ ಸಮ, ಅದಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ. ಒಂದೊಂದು ಅಂಕಿ ಇಳಿದಾಗಲೂ ಹುಳಿ ಹತ್ತು ಪಟ್ಟು ಏರುತ್ತದೆ. ಆದ್ದರಿಂದ 5 ಮತ್ತು 6ರ ನಡುವಿನ ವ್ಯತ್ಯಾಸ ಸಣ್ಣದಲ್ಲ. ಹೆಚ್ಚಿನ ತರಕಾರಿಗಳಿಗೆ 6ರಿಂದ 7ರ ನಡುವೆ ಹಿತ. 5.5ಕ್ಕಿಂತ ಕೆಳಗಿಳಿದರೆ ಮಣ್ಣಿನ ಅಲ್ಯೂಮಿನಿಯಂ ಕರಗಿ ಬೇರನ್ನು ಕೆಡಿಸುತ್ತದೆ, ಹಾಕಿದ ರಂಜಕ ಗಿಡಕ್ಕೆ ದಕ್ಕುವುದಿಲ್ಲ. 7.5 ದಾಟಿದರೆ ಕಬ್ಬಿಣ, ಸತುವು ಸಿಗದೆ ಎಳೆ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಸುಣ್ಣ ಹೆಚ್ಚಾದ ಗಿಡದ ಕಥೆ ಇದೇ.

ವುಝೂವಿನ ನೀರಿನ ಬಗ್ಗೆ ಮದ್ರಸದಲ್ಲಿ ಕಲಿಸುವಾಗ ಬಣ್ಣ, ರುಚಿ, ವಾಸನೆ ಎಂಬ ಮೂರು ಗುಣಗಳನ್ನು ಹೇಳಿಕೊಡುತ್ತೇವೆ. ನೀರಿನ ಶುದ್ಧಿಗೆ ಅದು ಸಾಕು. ಮಣ್ಣಿನ ರಸಸಾರ ಈ ಮೂರರಲ್ಲೂ ಸಿಕ್ಕಿಬೀಳುವುದಿಲ್ಲ. ಅದಕ್ಕೆ ಉಪಕರಣವೇ ಬೇಕು.

ಅಗ್ಗದ ದಾರಿ ಬಣ್ಣ ಬದಲಿಸುವ ಕಾಗದ. ಒಂದು ಅಂದಾಜು ಸಿಗುತ್ತದೆ, ಆದರೆ ಕೆಮ್ಮಣ್ಣಿನ ನೀರಿನಲ್ಲಿ ಬಣ್ಣ ಗುರುತಿಸುವುದು ಕಷ್ಟ. ಎರಡು ಲೋಹದ ಕಡ್ಡಿಗಳಿರುವ, ಬ್ಯಾಟರಿಯೇ ಬೇಡದ ಮೀಟರ್ ನರ್ಸರಿಗಳಲ್ಲಿ ಸಿಗುತ್ತದೆ. ಮಣ್ಣಿನ ತೇವ ಬದಲಾದಂತೆ ಅದರ ಮುಳ್ಳೂ ಬದಲಾಗುತ್ತದೆ. ಅದಕ್ಕೆ ಹಣ ಹಾಕದಿರುವುದೇ ಒಳ್ಳೆಯದು. ಮನೆ ತೋಟಕ್ಕೆ ಸರಿಯಾದದ್ದು ತುದಿಯಲ್ಲಿ ಗಾಜಿನ ಪುಟ್ಟ ಗುಂಡು ಇರುವ ಪೆನ್ನಿನಾಕಾರದ ಮೀಟರ್. ಇದರ ಹಿರಿಯಜ್ಜ ಹುಟ್ಟಿದ್ದೂ ಹಣ್ಣಿನ ಕೆಲಸಕ್ಕೇ. 1934ರಲ್ಲಿ ಕ್ಯಾಲಿಫೋರ್ನಿಯಾದ ಆರ್ನಾಲ್ಡ್ ಬೆಕ್‌ಮನ್ ನಿಂಬೆರಸದ ಹುಳಿ ಅಳೆಯಬೇಕಿದ್ದ ಗೆಳೆಯನಿಗಾಗಿ ಅದನ್ನು ರೂಪಿಸಿದರು.

ಕೊಳ್ಳುವಾಗ ಒಂದು ಎಚ್ಚರ. ಕುಡಿಯುವ ನೀರಿನ ಲವಣ ಅಳೆಯುವ ಟಿಡಿಎಸ್ ಪೆನ್ನು ನೋಡಲು ಹೀಗೆಯೇ ಇರುತ್ತದೆ. ಮುಚ್ಚಳ ತೆಗೆದು ನೋಡಿ, ಗಾಜಿನ ಗುಂಡಿಲ್ಲದೆ ಲೋಹದ ಮೊಳೆಗಳು ಮಾತ್ರ ಇದ್ದರೆ ಅದು ಟಿಡಿಎಸ್. ಇನ್ನು, ಪರದೆಯಲ್ಲಿ 6.43 ಎಂದು ಎರಡು ದಶಮಾಂಶ ಕಂಡ ಮಾತ್ರಕ್ಕೆ ಅಷ್ಟು ನಿಖರ ಎಂದರ್ಥವಲ್ಲ. ಡಬ್ಬಿಯ ಮೇಲೆ ಬರೆದ ನಿಖರತೆಯನ್ನು ಓದಬೇಕು. ತೋಟಕ್ಕೆ 0.1ರಷ್ಟು ವ್ಯತ್ಯಾಸ ಲೆಕ್ಕಕ್ಕಿಲ್ಲ. ತಾಪಮಾನದ ವ್ಯತ್ಯಾಸವನ್ನು ತಾನೇ ಸರಿಹೊಂದಿಸಿಕೊಳ್ಳುವ, ಕನಿಷ್ಠ ಎರಡು ಅಂಕಿಗಳಲ್ಲಿ ಸರಿಪಡಿಸಬಹುದಾದ ಪೆನ್ನು ಆರಿಸಿ. ಗುಂಡಿನ ಭಾಗವನ್ನು ಬಿಚ್ಚಿ ಬದಲಿಸುವಂತಿದ್ದರೆ ಇನ್ನೂ ಉತ್ತಮ, ಏಕೆಂದರೆ ಅದರ ಆಯುಷ್ಯ ಸಾಮಾನ್ಯವಾಗಿ ಒಂದೆರಡು ವರ್ಷ.

ತೂಕದಲ್ಲಿ ಮೋಸ ಮಾಡುವವರ ಹೆಸರಿನಲ್ಲೇ ಪವಿತ್ರ ಕುರ್‌ಆನಿನಲ್ಲಿ ಒಂದು ಅಧ್ಯಾಯವಿದೆ, 'ಅಲ್ ಮುತಫ್ಫಿಫೀನ್'. ವ್ಯಾಪಾರಿಯ ತಕ್ಕಡಿಯನ್ನು ಮುದ್ರೆಯ ಬಟ್ಟಿನಿಂದ ಪರೀಕ್ಷಿಸುವಂತೆ ಈ ಪೆನ್ನನ್ನೂ ಪರೀಕ್ಷಿಸಬೇಕು. ಇದರ ಬಟ್ಟು ಬಫರ್ ದ್ರಾವಣ. ಪೆನ್ನಿನ ಜೊತೆ ಬರುವ 6.86 ಮತ್ತು 4.01ರ ಪುಡಿ ಪೊಟ್ಟಣಗಳನ್ನು, ಅದರ ಮೇಲೆ ಬರೆದಷ್ಟೇ ಡಿಸ್ಟಿಲ್ಡ್ ವಾಟರಿನಲ್ಲಿ ಕರಗಿಸಿ ಗಾಜಿನ ಬಾಟಲಿಯಲ್ಲಿ ಮುಚ್ಚಿಡಿ. ಮೊದಲು 6.86ರಲ್ಲಿ, ನಂತರ ತೊಳೆದು 4.01ರಲ್ಲಿ ಸರಿಪಡಿಸಿ. ಕಪ್ಪು ಮಣ್ಣಿನವರು 4.01ರ ಬದಲು 9.18 ಬಳಸಲಿ. ಸಣ್ಣ ಲೋಟಕ್ಕೆ ಸ್ವಲ್ಪವೇ ಸುರಿದು, ಬಳಸಿದ್ದನ್ನು ಚೆಲ್ಲಿಬಿಡಿ. ಮರಳಿ ಬಾಟಲಿಗೆ ಸುರಿದರೆ ಬಾಟಲಿಯಿಡೀ ಕೆಟ್ಟಿತು.

ಒಂದೇ ದ್ರಾವಣದಲ್ಲಿ ಪರೀಕ್ಷಿಸಿ ಸುಮ್ಮನಾಗುವವರಿದ್ದಾರೆ. ಗುಂಡು ಬಿರುಕು ಬಿಟ್ಟಿದ್ದರೆ ಯಾವುದರಲ್ಲಿ ಅದ್ದಿದರೂ 7ರ ಆಸುಪಾಸನ್ನೇ ತೋರಿಸುತ್ತದೆ. ನಾವು ನೋಡಬಯಸುವ ಅಂಕಿಯೇ ಅದಾದ್ದರಿಂದ ಸಂಶಯವೂ ಬರುವುದಿಲ್ಲ! 4ರ ದ್ರಾವಣದಲ್ಲೂ 4 ತೋರಿಸಿದರೆ ಮಾತ್ರ ಅದರ ಮಾತನ್ನು ನಂಬಬಹುದು.

ಪೆನ್ನು ಹಾಳಾಗುವುದು ಬಳಸಿದ್ದಕ್ಕಿಂತ ಒಣಗಿಸಿದ್ದರಿಂದಲೇ ಹೆಚ್ಚು. ಗಾಜಿನ ಗುಂಡು ಸದಾ ತೇವವಾಗಿರಬೇಕು. ಮುಚ್ಚಳದೊಳಗೆ ಪೊಟ್ಯಾಸಿಯಂ ಕ್ಲೋರೈಡಿನ ಸಂಗ್ರಹ ದ್ರಾವಣ ಕೆಲವು ಹನಿ ಹಾಕಿ ಮುಚ್ಚಿ. ಅದಿಲ್ಲದಿದ್ದರೆ ತಾತ್ಕಾಲಿಕವಾಗಿ 4.01ರ ದ್ರಾವಣ ಆದೀತು. ಡಿಸ್ಟಿಲ್ಡ್ ವಾಟರ್ ತೊಳೆಯಲಿಕ್ಕೆ ಮಾತ್ರ. ಅದರಲ್ಲೇ ಮುಳುಗಿಸಿಟ್ಟರೆ ಒಳಗಿನ ಲವಣ ಹೊರಬಂದು ಗುಂಡು ಸಾಯುತ್ತದೆ. ಮುಚ್ಚಳದ ಸುತ್ತ ಕಟ್ಟುವ ಬಿಳಿ ಹರಳು ಆ ಲವಣವೇ, ಹೆದರಬೇಕಿಲ್ಲ, ತೊಳೆದರೆ ಹೋಗುತ್ತದೆ. ತೊಳೆದ ಮೇಲೆ ಬಟ್ಟೆಯಿಂದ ಉಜ್ಜಬೇಡಿ, ಮೆತ್ತನೆಯ ಕಾಗದ ಮುಟ್ಟಿಸಿ ನೀರು ಹೀರಿಸಿ. ಒಣಗಿಹೋದ ಪೆನ್ನನ್ನು ರಾತ್ರಿಯಿಡೀ ಸಂಗ್ರಹ ದ್ರಾವಣದಲ್ಲಿ ನೆನೆಸಿದರೆ ಕೆಲವೊಮ್ಮೆ ಬದುಕುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಬಳಸದಿದ್ದರೆ ಬ್ಯಾಟರಿ ತೆಗೆದಿಡಿ.

ಇದನ್ನು ನೇರವಾಗಿ ಮಣ್ಣಿಗೆ ಚುಚ್ಚಬಾರದು. ಬೇರಿನ ಆಳದ ಮಣ್ಣನ್ನು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, 20 ಗ್ರಾಂ ಮಣ್ಣಿಗೆ 50 ಮಿಲಿ ಡಿಸ್ಟಿಲ್ಡ್ ವಾಟರ್ ಬೆರೆಸಿ. ಅರ್ಧ ಗಂಟೆಯಲ್ಲಿ ಕೆಲವು ಬಾರಿ ಕದಡಿ, ಆಮೇಲೆ ಅದ್ದಿ, ಅಂಕಿ ನಿಲ್ಲುವವರೆಗೆ ಕಾಯಿರಿ. ಸುಣ್ಣ ಹಾಕಿದ್ದರೆ ಮರುದಿನವೇ ಅಳೆಯಬೇಡಿ, ಅದು ಮಣ್ಣಿನಲ್ಲಿ ಕೆಲಸ ಮಾಡಲು ವಾರಗಳೇ ಬೇಕು.

ನಾಲ್ಕೈದು ಚಟ್ಟಿ ಮಾತ್ರ ಇರುವವರಿಗೆ ಪೆನ್ನು ಕೊಳ್ಳುವ ಖರ್ಚು ಅಗತ್ಯವಿಲ್ಲ. ಅಡಿಕೆ, ಕಾಳುಮೆಣಸಿನ ಜಮೀನಿದ್ದವರು ಮೊದಲು ಪ್ರಯೋಗಾಲಯದ ಪರೀಕ್ಷೆಯನ್ನೇ ಮಾಡಿಸಲಿ. 2015ರಲ್ಲಿ ಆರಂಭವಾದ ಕೇಂದ್ರ ಸರಕಾರದ ಮಣ್ಣು ಆರೋಗ್ಯ ಚೀಟಿಯ ಹನ್ನೆರಡು ಅಂಶಗಳಲ್ಲಿ ರಸಸಾರವೂ ಒಂದು. ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲೋ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ವಿಚಾರಿಸಿ. ಪರೀಕ್ಷೆಗೆ ಕೊಟ್ಟ ಮಣ್ಣಿನಲ್ಲೇ ಒಂದು ಹಿಡಿ ಮನೆಯಲ್ಲಿಟ್ಟುಕೊಳ್ಳಿ. ಮುಂದೆ ಪೆನ್ನು ಕೊಂಡಾಗ ಅದರ ಅಂಕಿಯನ್ನು ಚೀಟಿಯ ಅಂಕಿಯೊಂದಿಗೆ ತಾಳೆ ನೋಡಲು ಅದು ಬೇಕಾಗುತ್ತದೆ.