ಕಡಲಾಮೆಯ ಜಾಡು ಹಿಡಿದು

1982ನೆಯ ಇಸವಿ, ಜುಲೈ 3. ಮುಂಗಾರಿನ ಹೊಡೆತಕ್ಕೆ ಅರಬ್ಬೀ ಸಮುದ್ರ ಕುದಿಯುತ್ತಿದ್ದಿತು. ಲಕ್ಷದ್ವೀಪದ ಸುಹೇಲಿ ಎಂಬ ನಿರ್ಜನ ನಡುಗಡ್ಡೆಯಲ್ಲಿ ಒಬ್ಬಂಟಿಯಾಗಿದ್ದವರೊಬ್ಬರು, ಪತ್ನಿಗೆ ಬರೆದ ಓಲೆಯನ್ನು ಸೀಸೆಯೊಳಗಿಟ್ಟು, ಬಿರಡೆ ಬಿಗಿದು, ತೆರೆಗಳಿಗೆ ಒಪ್ಪಿಸಿದರು. ಇಪ್ಪತ್ತನಾಲ್ಕು ದಿನಗಳ ತರುವಾಯ ಸುಮಾರು 800 ಕಿಲೋಮೀಟರು ದೂರದಲ್ಲಿ, ಶ್ರೀಲಂಕೆಯ ಬೆಸ್ತನೊಬ್ಬನಿಗೆ ಆ ಸೀಸೆ ದೊರೆಯಿತು. ಆ ಪುಣ್ಯಾತ್ಮನು ಓಲೆಯನ್ನು ಅಂಚೆಗೆ ಹಾಕಿದನು. ಅದು ಸೇರಬೇಕಾದವರ ಕೈಸೇರಿತು.

ಓಲೆ ಬರೆದವರು ಸತೀಶ್ ಭಾಸ್ಕರ್. ಸುಹೇಲಿಯ ಮರಳಿಗೆ ಹಸಿರು ಕಡಲಾಮೆಗಳು ಮೊಟ್ಟೆಯಿಡಲು ಬರುವುದು ಮಳೆಗಾಲದಲ್ಲಿ. ಆ ಮಳೆಗಾಲದಲ್ಲಿಯೇ ಅಲ್ಲಿಗೆ ದೋಣಿ ಹೋಗದು. ಆದುದರಿಂದ ಮಳೆ ಹಿಡಿಯುವ ಮುನ್ನವೇ ದಿನಸಿಯೊಡನೆ ಇಳಿದು, ಕಡಲು ಶಾಂತವಾಗುವ ತನಕ ಅಲ್ಲಿಯೇ ಇದ್ದುಬಿಡುವುದೊಂದೇ ದಾರಿ. ಅವರು ಹಿಡಿದುದು ಆ ದಾರಿಯನ್ನೇ.

ಇದೂ ಒಂದು ವೃತ್ತಿಯೇ ಎಂದು ಕೇಳುವವರು ಅಂದು ಅನೇಕರು. ಭಾಸ್ಕರ್ ಮದರಾಸಿನ ಐ.ಐ.ಟಿ.ಯಲ್ಲಿ ಓದಲು ಸೇರಿದವರು. ಆದರೆ ತರಗತಿಗಿಂತ ಕಡಲೇ ಅವರನ್ನು ಹೆಚ್ಚಾಗಿ ಸೆಳೆಯಿತು. ಪದವಿ ಪೂರೈಸದೆಯೇ ಹೊರಬಂದರು. ರೋಮುಲಸ್ ವಿಟೇಕರ್ ಸ್ಥಾಪಿಸಿದ್ದ ಮದರಾಸಿನ ಹಾವುಗಳ ಉದ್ಯಾನದ ಸಂಗಡಿಗರೊಡನೆ, 1970ರ ದಶಕದಲ್ಲಿ, ರಾತ್ರಿಯಿಡೀ ಸಮುದ್ರತೀರದಲ್ಲಿ ನಡೆದು ಆಮೆಯ ಮೊಟ್ಟೆಗಳನ್ನು ಕಾಪಾಡುವ ಕೆಲಸದಲ್ಲಿ ಸೇರಿಕೊಂಡರು. ತಮ್ಮ ಜೀವನದ ಕಾರ್ಯ ಯಾವುದೆಂಬುದು ಅವರಿಗೆ ತಿಳಿದುದು ಆ ನಡಿಗೆಗಳಲ್ಲಿ. ಹೇಳಿಕೊಳ್ಳುವಂಥ ಹುದ್ದೆಯಿಲ್ಲ, ಮುಪ್ಪಿಗೆ ಪಿಂಚಣಿಯ ಭರವಸೆಯಿಲ್ಲ. ವಿಶ್ವ ವನ್ಯಜೀವಿ ನಿಧಿಯಂತಹ ಸಂಸ್ಥೆಗಳು ಒಂದೊಂದು ಸಮೀಕ್ಷೆಗೆಂದು ಕೊಡುತ್ತಿದ್ದ ಅಲ್ಪ ಧನವೇ ಆಧಾರ.

ಕೆಲಸವಾದರೂ ಏನು? ನಡೆಯುವುದು, ನೋಡುವುದು, ಎಣಿಸುವುದು, ಬರೆದಿಡುವುದು. ಮರಳಿನ ಮೇಲಿನ ಜಾಡೇ ಪುಸ್ತಕ. ಹಸಿರು ಕಡಲಾಮೆ ಎರಡೂ ಮುಂಗಾಲುಗಳನ್ನು ಒಮ್ಮೆಗೇ ಊರಿ ಮೈಯನ್ನೆಳೆಯುವುದರಿಂದ ಅದರ ಜಾಡು ಎರಡು ಮಗ್ಗುಲಿಗೂ ಸಮನಾಗಿ ಬೀಳುತ್ತದೆ. ಆಲಿವ್ ರಿಡ್ಲಿ ಆಮೆಯದು ಒಂದಾದ ಮೇಲೊಂದು ಹೆಜ್ಜೆ. ಬಂದದ್ದು ಯಾವ ಆಮೆ, ಗೂಡು ತೋಡಿತೋ ಬರಿದೇ ಹಿಂದಿರುಗಿತೋ ಎಂಬುದನ್ನು ಬಲ್ಲವರು ಬೆಳಗಿನ ಜಾವದಲ್ಲಿಯೇ ಓದಿಬಿಡುತ್ತಾರೆ. ಹೀಗೆ ಓದುತ್ತ ಭಾಸ್ಕರ್ ಭಾರತದ ತೀರದಲ್ಲಿ ಸಮೀಕ್ಷಿಸಿದ ದೂರ 4,000 ಕಿಲೋಮೀಟರಿಗೂ ಹೆಚ್ಚು.

ಅವರ ನಡಿಗೆ ದೇಶದ ತುತ್ತತುದಿಯ ಗ್ರೇಟ್ ನಿಕೋಬಾರ್ ದ್ವೀಪವನ್ನೂ ಮುಟ್ಟಿತು. ಚಿಪ್ಪಿಗೆ ಬದಲಾಗಿ ತೊಗಲಿನ ಬೆನ್ನುಳ್ಳ, ಕಡಲಾಮೆಗಳಲ್ಲೆಲ್ಲ ದೊಡ್ಡದಾದ ಲೆದರ್‌ಬ್ಯಾಕ್ ಆಮೆ ಅಲ್ಲಿನ ಗಲಾಥಿಯಾ ಕೊಲ್ಲಿಯಲ್ಲಿ ಗೂಡು ಮಾಡುವುದನ್ನು ಅವರು ಎಣಿಸಿ ದಾಖಲಿಸಿದರು. 1997ರಲ್ಲಿ ಆ ಕೊಲ್ಲಿ ವನ್ಯಜೀವಿ ಧಾಮವಾಯಿತು. 2004ರ ಡಿಸೆಂಬರಿನ ಸುನಾಮಿ ಮರಳನ್ನೆಲ್ಲ ಕೊಚ್ಚಿಕೊಂಡು ಹೋಯಿತು; ಮರಳು ಮರಳಿ ಬಂದಿತು, ಆಮೆಗಳೂ ಬಂದವು. ಆದರೆ 2021ರಲ್ಲಿ, ಸರಕು ಬಂದರಿನ ಯೋಜನೆಗಾಗಿ, ಧಾಮವೆಂಬ ಮನ್ನಣೆಯನ್ನೇ ಹಿಂತೆಗೆಯಲಾಯಿತು. ಇಂದು ಆ ತೀರದ ಪರವಾಗಿ ವಾದಿಸುವವರು ಬರಿಗೈಯಲ್ಲಿ ನಿಂತಿಲ್ಲವೆಂದರೆ, ಅದಕ್ಕೆ ಅಂದಿನ ಟಿಪ್ಪಣಿ ಪುಸ್ತಕಗಳೂ ಕಾರಣ. ಎಣಿಸದೆ ಬಿಟ್ಟುದು ಅಳಿದರೂ ಅಳಿದುದೆಂದು ಹೇಳುವವರಾರು?

ಈಗ ಈ ಹಾದಿಗೆ ಬಾಗಿಲುಗಳು ಹಲವು. ಕಾರವಾರದಲ್ಲಿ ಕಡಲ ಜೀವಶಾಸ್ತ್ರದ ಸ್ನಾತಕೋತ್ತರ ವ್ಯಾಸಂಗವಿದೆ. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕೆ ಕಾಲೇಜಿದೆ. ಡೆಹ್ರಾಡೂನಿನಲ್ಲಿ ಭಾರತೀಯ ವನ್ಯಜೀವಿ ಸಂಸ್ಥೆಯಿದೆ. ಮದರಾಸಿನ ತೀರದಲ್ಲಿ 1988ರಲ್ಲಿ ವಿದ್ಯಾರ್ಥಿಗಳು ತಾವೇ ಕೂಡಿ ಕಟ್ಟಿದ ಬಳಗ ಇಂದಿಗೂ ರಾತ್ರಿ ನಡಿಗೆಯನ್ನು ಬಿಟ್ಟಿಲ್ಲ. ಹೊನ್ನಾವರದ ಕಡೆಯ ಮರಳಿಗೂ ಆಲಿವ್ ರಿಡ್ಲಿಗಳು ಬರುತ್ತವೆ. ಆದರೂ ತರುಣರು ಒಂದು ಮಾತನ್ನು ಅರಿತಿರಬೇಕು: ಈ ಕ್ಷೇತ್ರದಲ್ಲಿ ಈಗಲೂ ಬಹುಪಾಲು ಕೆಲಸ ಯೋಜನೆಯ ಅವಧಿ ಮುಗಿದೊಡನೆ ಮುಗಿಯುವಂಥದು. ಪದವಿ ಬಾಗಿಲು ತೆರೆದೀತು. ಒಳಗೆ ಉಳಿಸುವುದು ತಾಳ್ಮೆ ಮಾತ್ರ.

ಭಾಸ್ಕರ್ 2023ರಲ್ಲಿ ತೀರಿಕೊಂಡರು. ಅವರು ದೊಡ್ಡ ಹುದ್ದೆಯನ್ನಾಗಲಿ ಸಂಪತ್ತನ್ನಾಗಲಿ ಬಿಟ್ಟುಹೋಗಲಿಲ್ಲ, ಬಿಟ್ಟುದು ಎಣಿಕೆಗಳನ್ನು. ಹುಟ್ಟಿದ ಸೀಮೆಯ ಮರಳಿಗೆ ಆಮೆ ಮತ್ತೆ ಮತ್ತೆ ಮರಳುತ್ತದೆ. ಅದನ್ನು ಎಣಿಸಲು, ಅದರಂತೆಯೇ ಮತ್ತೆ ಮತ್ತೆ ಮರಳುವ ಮನುಷ್ಯನೂ ಬೇಕು.