ಉತ್ತರ ಗೊತ್ತಿರುವ ಪ್ರಯೋಗಕ್ಕೆ ಸ್ಪರ್ಧೆ ಏಕೆ?

ಭೌತಶಾಸ್ತ್ರದಲ್ಲಿ ಒಂದು ಬಗೆಯ ಸ್ಪರ್ಧೆ ಇದೆ. ಅಲ್ಲಿ ಕೊಡುವ ಪ್ರಶ್ನೆಗೆ ಸಿದ್ಧ ಉತ್ತರ ಯಾವ ಪುಸ್ತಕದಲ್ಲೂ ಇರುವುದಿಲ್ಲ. ಮಕ್ಕಳು ತಿಂಗಳುಗಟ್ಟಲೆ ತಾವೇ ಅಳೆದು, ತಾವೇ ಯೋಚಿಸಿ ಹೇಳಬೇಕು. 1979ರಲ್ಲಿ ಮಾಸ್ಕೋದಲ್ಲಿ ಶುರುವಾಗಿ, 1988ರಿಂದ ಅಂತರರಾಷ್ಟ್ರೀಯವಾಗಿ ನಡೆಯುತ್ತಿರುವ ಯುವ ಭೌತವಿಜ್ಞಾನಿಗಳ ಟೂರ್ನಮೆಂಟ್ ಇಂಥದ್ದು; ಅದರಲ್ಲಿ ವರ್ಷಕ್ಕೆ 17 ಪ್ರಶ್ನೆಗಳು. ನಮ್ಮಲ್ಲಿ 1993ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದ ಆಶಯವೂ ಇದಕ್ಕೆ ಹತ್ತಿರದ್ದು. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಮಕ್ಕಳಿಗೆ ಇಂಥ ಕೆಲಸಕ್ಕೆ ಬೇಕಾದ ಪ್ರಶ್ನೆಗಳು ಮನೆಯ ಸುತ್ತಲೇ ಇವೆ. ಅಡ್ಡ ಬರುತ್ತಿರುವುದು ನಮ್ಮ ಕೆಲವು ತಪ್ಪು ಕಲ್ಪನೆಗಳು.

ತಪ್ಪು ಕಲ್ಪನೆ 1: ವಿಜ್ಞಾನ ಸ್ಪರ್ಧೆ ಎಂದರೆ ಚೆಂದದ ಮಾಡೆಲ್ ಮಾಡುವುದು.

ಸತ್ಯ: ಮಾಡೆಲ್ ಗೊತ್ತಿರುವುದನ್ನು ತೋರಿಸುತ್ತದೆ. ತನಿಖೆ ಗೊತ್ತಿಲ್ಲದ್ದನ್ನು ಹುಡುಕುತ್ತದೆ. ನಮ್ಮ ಊಟದ ತಟ್ಟೆಯನ್ನೇ ನೋಡಿ. ದೊಡ್ಡ ರಾಗಿಮುದ್ದೆ ನಿಧಾನವಾಗಿ ಆರುತ್ತದೆ ಎಂದು ಎಲ್ಲರಿಗೂ ಗೊತ್ತು. ಎಷ್ಟು ನಿಧಾನ? ಮುದ್ದೆಯ ವ್ಯಾಸ ಎರಡರಷ್ಟಾದರೆ ನಡುಭಾಗ 80 ಡಿಗ್ರಿಯಿಂದ 50ಕ್ಕೆ ಇಳಿಯಲು ಎಷ್ಟು ಪಟ್ಟು ಹೊತ್ತು ಬೇಕು?

ಇಲ್ಲಿ ಎರಡು ವಾದಗಳಿಗೆ ಜಾಗವಿದೆ. ಹೊರಮೈಯಿಂದ ಗಾಳಿಗೆ ಶಾಖ ಹೋಗುವಲ್ಲೇ ತಡವಾಗುತ್ತಿದ್ದರೆ ಸುಮಾರು ಎರಡು ಪಟ್ಟು ಹೊತ್ತು ಬೇಕು. ನಡುವಿನಿಂದ ಹೊರಮೈಗೆ ಶಾಖ ಬರುವಲ್ಲೇ ತಡವಾಗುತ್ತಿದ್ದರೆ ಸುಮಾರು ನಾಲ್ಕು ಪಟ್ಟು. ಮುದ್ದೆಯ ಮಟ್ಟಿಗೆ ಎರಡೂ ತಡೆಗಳು ಕೆಲಸ ಮಾಡುತ್ತವೆ. ಹಾಗಾಗಿ ಉತ್ತರ ನಡುವೆ ಎಲ್ಲೋ ಇರಬೇಕು. ಎಲ್ಲಿ ಎಂಬುದನ್ನು ಅಳೆದೇ ತಿಳಿಯಬೇಕು. ಒಂದೇ ಪಾತ್ರೆಯಲ್ಲಿ ತೊಳಸಿದ ಹಿಟ್ಟಿನಿಂದ ಬೇರೆ ಬೇರೆ ಗಾತ್ರದ ಮುದ್ದೆ ಕಟ್ಟಿ, ಒಂದೇ ಥರದ ತಟ್ಟೆಗಳಲ್ಲಿಟ್ಟು, ಫ್ಯಾನ್ ಆರಿಸಿ, ನಿಮಿಷಕ್ಕೊಮ್ಮೆ ಉಷ್ಣತೆ ಬರೆದುಕೊಳ್ಳಬೇಕು. ಬದಲಾಗಬೇಕಾದದ್ದು ಗಾತ್ರ ಒಂದೇ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗದು, ಅದು 42 ಡಿಗ್ರಿಯ ಹತ್ತಿರವೇ ನಿಲ್ಲುತ್ತದೆ. ಶಾಲೆಯ ಲ್ಯಾಬ್‌ನಲ್ಲಿರುವ 110 ಡಿಗ್ರಿಯದ್ದು ಸಾಕು. ಇದು ಮುಗಿದ ಮೇಲೆ ಫ್ಯಾನ್ ಹಾಕಿದರೆ ಏನಾಗುತ್ತದೆ, ಮೇಲೆ ಪಾತ್ರೆ ಮುಚ್ಚಿದರೆ ಏನಾಗುತ್ತದೆ ಎಂದು ಒಂದೊಂದಾಗಿ ನೋಡಬಹುದು.

ತಪ್ಪು ಕಲ್ಪನೆ 2: ದುಬಾರಿ ಉಪಕರಣ, ಪೇಟೆಯ ಲ್ಯಾಬ್ ಇಲ್ಲದೆ ಇದೆಲ್ಲ ಆಗದು.

ಸತ್ಯ: 1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಮರಳುವಾಗ ಸಿ. ವಿ. ರಾಮನ್ ಕಡಲಿನ ನೀಲಿ ಬಣ್ಣವನ್ನು ಪರೀಕ್ಷಿಸಿದ್ದು ಕೈಯಲ್ಲಿ ಹಿಡಿಯುವಂಥ ಒಂದು ಪ್ರಿಸ್ಮ್‌ನಿಂದ. ಇಂದು ಮನೆಯಲ್ಲಿರುವ ಸ್ಮಾರ್ಟ್‌ಫೋನ್‌ನಲ್ಲಿ ಮೈಕ್ ಇದೆ, ಅಲುಗಾಟ ಅಳೆಯುವ ಸೆನ್ಸರ್ ಇದೆ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ರೂಪಿಸಿದ ಫೈಫಾಕ್ಸ್ ಎಂಬ ಉಚಿತ ಆ್ಯಪ್ ಇವನ್ನೆಲ್ಲ ಅಳತೆಯ ಸಾಧನವಾಗಿ ಬಳಸಲು ಬಿಡುತ್ತದೆ.

ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮ್ ಸದ್ದು ಕೇಳಿಯೇ ಬೆಳೆಯುವ ಮಕ್ಕಳಿದ್ದಾರೆ. ಬಯಲಿನಲ್ಲಿ ಒಂದು ಪುಟ್ಟ ಮೂಲದಿಂದ ದೂರ ಎರಡರಷ್ಟಾದರೆ ಶಬ್ದ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಗೋಡೆ, ಶೀಟುಗಳಿಂದ ಸದ್ದು ಮರಳಿ ಬರುವ ಮಗ್ಗದ ಮನೆಯೊಳಗೆ ಅಷ್ಟು ಇಳಿಯದು. ಎಷ್ಟು ಇಳಿಯುತ್ತದೆ? ಗೋಡೆಗೆ ಗೋಣಿಚೀಲ ಕಟ್ಟಿದರೆ ಬದಲಾಗುತ್ತದೆಯೆ? ಈ ಪ್ರಶ್ನೆ ಅಲ್ಲಿ ದುಡಿಯುವವರ ಕಿವಿಗೂ ಸಂಬಂಧಿಸಿದ್ದು.

ತಪ್ಪು ಕಲ್ಪನೆ 3: ಪುಸ್ತಕದ ಅಂಕಿ ಬರದಿದ್ದರೆ ಪ್ರಯೋಗ ಕೆಟ್ಟಿತು.

ಸತ್ಯ: ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ ಎಂದು ಪುಸ್ತಕದಲ್ಲಿದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ನಮ್ಮ ಜಿಲ್ಲೆಯಲ್ಲಿ ಅದು ಕುದಿಯುವುದು 97ರ ಆಸುಪಾಸಿನಲ್ಲಿ. ಎತ್ತರ ಹೆಚ್ಚಿದಷ್ಟೂ ಗಾಳಿಯ ಒತ್ತಡ ಕಡಿಮೆಯಾಗುವುದೇ ಕಾರಣ. ದೇವನಹಳ್ಳಿ ದಾಟಿ ನಂದಿಬೆಟ್ಟ ಹತ್ತಿದರೆ ಇನ್ನೂ ಎರಡು ಡಿಗ್ರಿಯಷ್ಟು ಇಳಿಯುತ್ತದೆ. ಸರಿಯಾಗಿಯೇ 97 ಎಂದು ಓದಿದ ಮಗು ಅದನ್ನು ಅಳಿಸಿ 100 ಎಂದು ಬರೆದರೆ, ಒಂದು ಒಳ್ಳೆಯ ತನಿಖೆಯ ಮೊದಲ ಹೆಜ್ಜೆಯನ್ನೇ ಅಳಿಸಿದಂತೆ. ಥರ್ಮಾಮೀಟರ್ ಸರಿಯಿದೆಯೆ ಎಂದು ಕರಗುತ್ತಿರುವ ಮಂಜುಗಡ್ಡೆಯಲ್ಲಿಟ್ಟು ನೋಡಲಿ. ಸೊನ್ನೆ ತೋರಿಸಿದರೆ ತನ್ನ ಅಳತೆಯನ್ನು ಧೈರ್ಯವಾಗಿ ನಂಬಲಿ.

ತಪ್ಪು ಕಲ್ಪನೆ 4: ಒಂದು ಸಲ ಅಳೆದರೆ ಸಾಕು, ಅಳತೆಯಲ್ಲಿ ದೋಷವಿದೆ ಎಂದು ಒಪ್ಪಿಕೊಳ್ಳಬಾರದು.

ಸತ್ಯ: ದೋಷವಿಲ್ಲದ ಅಳತೆಯೇ ಇಲ್ಲ. ಒಂದು ಮೀಟರ್ ದಾರದ ಲೋಲಕ ಒಮ್ಮೆ ಹೋಗಿ ಬರಲು ಸುಮಾರು 2 ಸೆಕೆಂಡ್ ಬೇಕು. ಸ್ಟಾಪ್‌ವಾಚ್ ಒತ್ತುವ ಬೆರಳು 0.2 ಸೆಕೆಂಡ್ ತಡಮಾಡಿದರೆ ಹತ್ತಕ್ಕೆ ಒಂದು ಪಾಲು ತಪ್ಪಾಯಿತು. ಇಪ್ಪತ್ತು ತೂಗಾಟಗಳನ್ನು ಒಟ್ಟಿಗೆ ಅಳೆದು ಭಾಗಿಸಿದರೆ ಅದೇ ದೋಷ ಇಪ್ಪತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ.

ಲೋಲಕವನ್ನು ಎಷ್ಟು ಅಗಲಕ್ಕೆ ಎಳೆದು ಬಿಟ್ಟರೂ ಕಾಲ ಒಂದೇ ಎಂದು ತರಗತಿಯಲ್ಲಿ ಹೇಳುತ್ತೇವೆ. ಅದು ಸಣ್ಣ ತೂಗಾಟಕ್ಕಷ್ಟೇ ನಿಜ. 60 ಡಿಗ್ರಿಯಿಂದ ಬಿಟ್ಟರೆ ಕಾಲ ಸುಮಾರು ಶೇ. 7ರಷ್ಟು ಹೆಚ್ಚು. ಇದನ್ನು ಹಿಡಿಯಲು ಇಪ್ಪತ್ತು ತೂಗಾಟ ಕಾಯುವಂತಿಲ್ಲ, ಅಷ್ಟರಲ್ಲಿ ಅಗಲವೇ ಕುಗ್ಗುತ್ತದೆ. ಮೊದಲ ಐದನ್ನು ಮಾತ್ರ ಅಳೆದು, ಮತ್ತೆ ಮತ್ತೆ ಬಿಟ್ಟು ಸರಾಸರಿ ತೆಗೆಯಬೇಕು. ಹೀಗೆ ವಿಧಾನವನ್ನೇ ಬದಲಿಸಿಕೊಳ್ಳುವ ಮಗು ನಿಜವಾದ ಭೌತಶಾಸ್ತ್ರ ಕಲಿಯುತ್ತಿದೆ. ದೋಷವನ್ನು ಮೊದಲು ಅಳೆಯುವ ಈ ಶಿಸ್ತು ದೊಡ್ಡ ವಿಜ್ಞಾನದಲ್ಲೂ ಇದೆ, ನಮ್ಮ ಜಿಲ್ಲೆಯಲ್ಲೇ ಇದೆ. ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಡೆಸುವುದು ಹೊಸಕೋಟೆಯಲ್ಲಿರುವ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ಕೇಂದ್ರದಿಂದ, ಉಪಗ್ರಹ ಸಂಪರ್ಕದ ಮೂಲಕ. ಖಗೋಳ ವಿಜ್ಞಾನಿಗಳು ನಕ್ಷತ್ರದ ಚಿತ್ರದ ಜೊತೆಗೆ ಬೆಳಕೇ ಬೀಳದ ಖಾಲಿ ಚಿತ್ರಗಳನ್ನೂ ತೆಗೆದಿಟ್ಟುಕೊಳ್ಳುತ್ತಾರೆ. ಕ್ಯಾಮೆರಾದ ದೋಷ ಎಷ್ಟೆಂದು ತಿಳಿಯದೆ ನಕ್ಷತ್ರದ ಬಗ್ಗೆ ಮಾತಾಡುವಂತಿಲ್ಲ.

ತಪ್ಪು ಕಲ್ಪನೆ 5: ಪ್ರಶ್ನೆ ಕೇಳಿದಾಗ ‘ಗೊತ್ತಿಲ್ಲ’ ಎಂದರೆ ಸೋತಂತೆ.

ಸತ್ಯ: ಯುವ ಭೌತವಿಜ್ಞಾನಿಗಳ ಟೂರ್ನಮೆಂಟ್‌ನಲ್ಲಿ ಒಂದು ತಂಡ ತನ್ನ ತನಿಖೆ ಮಂಡಿಸುತ್ತದೆ, ಎರಡನೆಯದು ಅದರ ಕೊರತೆಗಳನ್ನು ಎತ್ತಿ ವಾದಿಸುತ್ತದೆ, ಮೂರನೆಯದು ಇಬ್ಬರ ಮಾತನ್ನೂ ತೂಗುತ್ತದೆ. ಅಲ್ಲಿ ಬಾಯಿಪಾಠ ನಿಲ್ಲುವುದಿಲ್ಲ. ‘ಇಷ್ಟು ಅಳೆದಿದ್ದೇವೆ, ಇದರಾಚೆ ಹೇಳಲಾರೆವು’ ಎನ್ನುವುದು ಗಟ್ಟಿ ಉತ್ತರ. 1963ರಲ್ಲಿ ಈಗಿನ ಟಾಂಜಾನಿಯಾದ ಶಾಲಾಬಾಲಕ ಎರಾಸ್ಟೊ ಎಂಪೆಂಬಾ, ಬಿಸಿ ಹಾಲಿನ ಮಿಶ್ರಣ ತಣ್ಣಗಿನದಕ್ಕಿಂತ ಬೇಗ ಹೆಪ್ಪುಗಟ್ಟಿತು ಎಂದು ಹೇಳಿ ನಗೆಪಾಟಲಾದ. ಪ್ರಶ್ನೆ ಬಿಡಲಿಲ್ಲ. 1969ರಲ್ಲಿ ಪ್ರಾಧ್ಯಾಪಕ ಡೆನಿಸ್ ಆಸ್ಬರ್ನ್ ಜೊತೆ ಲೇಖನ ಪ್ರಕಟಿಸಿದ. ನೀರಿನಲ್ಲಿ ಹಾಗಾಗುವುದಕ್ಕೆ ಪುರಾವೆ ಸಿಗಲಿಲ್ಲ ಎಂದು 2016ರಲ್ಲಿ ಬೇರೆ ಸಂಶೋಧಕರು ಬರೆದರು. ಬಾಲಕನೊಬ್ಬನ ಪ್ರಶ್ನೆ ಅರ್ಧ ಶತಮಾನ ವಿಜ್ಞಾನಿಗಳನ್ನು ದುಡಿಸಿದೆ.

ತಪ್ಪು ಕಲ್ಪನೆ 6: ಇದು ಇಂಗ್ಲಿಷ್ ಮೀಡಿಯಂನ ರ‍್ಯಾಂಕ್ ಮಕ್ಕಳಿಗೆ, ಉಳಿದವರಿಗೆ ದೊಡ್ಡವರೇ ಮಾಡಿಕೊಡಬೇಕು.

ಸತ್ಯ: ಮಕ್ಕಳ ವಿಜ್ಞಾನ ಸಮಾವೇಶ 10ರಿಂದ 17 ವರ್ಷದವರಿಗೆ. ಕನ್ನಡದಲ್ಲೇ ಪ್ರಾಜೆಕ್ಟ್ ಬರೆಯಬಹುದು, ಕನ್ನಡದಲ್ಲೇ ಮಂಡಿಸಬಹುದು. ರಾಜ್ಯದಲ್ಲಿ ಇದರ ಹೊಣೆ ಹೊತ್ತು ಬಂದಿರುವುದು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು. ಗೈಡ್ ಟೀಚರ್ ಕೆಲಸ ದಾರಿ ತೋರಿಸುವುದು. ಅಳೆಯುವುದು, ಬರೆಯುವುದು ಮಕ್ಕಳದ್ದು. ಲಾಗ್ ಬುಕ್ಕಿನಲ್ಲಿ ದಿನಾಂಕ, ಅಂಕಿ, ಎಡವಟ್ಟು ಎಲ್ಲವೂ ಅವರ ಕೈಬರಹದಲ್ಲೇ ಇರಲಿ.

ಮೇಷ್ಟ್ರುಗಳಲ್ಲಿ, ಅಪ್ಪ–ಅಮ್ಮಂದಿರಲ್ಲಿ ಒಂದು ಮನವಿ. ಮಗು ಪ್ರಶ್ನೆ ತಂದಾಗ ಉತ್ತರ ಹೇಳಿಬಿಡಬೇಡಿ. ‘ಹೇಗೆ ಅಳೆಯುತ್ತೀಯಾ?’ ಎಂದು ಕೇಳಿ. ಬಹುಮಾನ ಬರಬಹುದು, ಬರದೆಯೂ ಇರಬಹುದು. ತಾನೇ ಅಳೆದು ನಂಬುವ ಅಭ್ಯಾಸ ಬಂದರೆ, ಯಾರೋ ಹೇಳಿದರು ಎಂಬ ಕಾರಣಕ್ಕೆ ಆ ಮಗು ಮುಂದೆ ಯಾವುದನ್ನೂ ಸುಮ್ಮನೆ ಒಪ್ಪುವುದಿಲ್ಲ.